ನಾಲ್ಕೇ ಬೆಂಡೆಕಾಯಿ ಸಿಕ್ಕ ದಿನ ಏನು ಮಾಡೋದು? ಕೈತೋಟದ ಫಸಲಿಗೆ ಒಗ್ಗುವ ಅಡುಗೆ

ಇವತ್ತು ಬೆಳಿಗ್ಗೆ ನಮ್ಮ ಹಿತ್ತಲಲ್ಲಿ ಸಿಕ್ಕಿದ್ದು ಇಷ್ಟು: ಆರು ಬೆಂಡೆಕಾಯಿ, ಒಂದು ಹೀರೆಕಾಯಿ, ಎರಡು ಬದನೆ, ಒಂದು ಬೊಗಸೆ ಹರಿವೆ ಸೊಪ್ಪು, ಮೂರು ಟೊಮೆಟೊ. ದೊಡ್ಡಪತ್ರೆ ಮಾತ್ರ ಕುಂಡದಿಂದ ಹೊರಗೆ ಚೆಲ್ಲುವಷ್ಟಿದೆ. ಊಟಕ್ಕೆ ನಾಲ್ಕು ಜನ.

ಕೈತೋಟ ಮಾಡಿದವರಿಗೆಲ್ಲ ಈ ಲೆಕ್ಕ ಗೊತ್ತು. ಅಡುಗೆ ಪುಸ್ತಕ 'ಬೆಂಡೆಕಾಯಿ ಕಾಲು ಕೆಜಿ' ಅನ್ನುತ್ತದೆ. ಗಿಡ ಆರು ಕೊಡುತ್ತದೆ. ನಾಳೆ ನಾಲ್ಕು, ನಾಡಿದ್ದು ಒಂಬತ್ತು. ಪಲ್ಯಕ್ಕೆ ಸಾಲದು ಅಂತ ಫ್ರಿಜ್ಜಿನಲ್ಲಿ ಇಡುತ್ತೇವೆ. ವಾರ ಕಳೆದ ಮೇಲೆ ಬಾಡಿ ಕಪ್ಪಾದ ಕಾಯಿ ಗೊಬ್ಬರದ ಗುಂಡಿಗೆ ಹೋಗುತ್ತದೆ. ಎಷ್ಟು ಬೇಜಾರು ಅಲ್ವಾ? ಬೀಜ ಹಾಕಿ, ನೀರು ಹೊತ್ತು, ಹುಳ ಆರಿಸಿ ಬೆಳೆದದ್ದು ಅದು.

ಇದಕ್ಕೆ ದಾರಿ ನಮ್ಮ ಹಳೆಯ ಅಡುಗೆಯಲ್ಲೇ ಇದೆ. ತಂಬುಳಿ, ಗೊಜ್ಜು, ಬಸ್ಸಾರು, ಹುಳಿ, ಸಿಪ್ಪೆ ಚಟ್ನಿ. ಇವು ಯಾವುದಕ್ಕೂ ತಕ್ಕಡಿ ಬೇಡ. ಹತ್ತು ಎಲೆಗೊಂದು ಅಡುಗೆ, ಆರು ಕಾಯಿಗೊಂದು, ಒಂದು ಬೊಗಸೆ ಸೊಪ್ಪಿಗೊಂದು ಇದೆ. ನನ್ನ ತವರು ಮಂಡ್ಯ ಕಡೆ, ಅತ್ತೆಯ ಊರು ಸಾಗರ. ಬಸ್ಸಾರು ಅವ್ವನಿಂದ ಕಲಿತೆ, ತಂಬುಳಿ ಅತ್ತೆಯಿಂದ. ಮದುವೆಯಾದ ಹೊಸತರಲ್ಲಿ ನಾನು 'ಇವತ್ತು ಏನು ಅಡುಗೆ ಮಾಡ್ಲಿ ಅತ್ತೆ?' ಅಂತ ಕೇಳಿದರೆ ಅವರು ಹೇಳುತ್ತಿದ್ದದ್ದು ಒಂದೇ ಮಾತು: 'ಮೊದ್ಲು ಹಿತ್ತಲಿಗೆ ಹೋಗಿ ಬಾ, ಆಮೇಲೆ ನೀನೇ ಹೇಳು.' ಮೊದಲು ಕಿತ್ತು ತರಬೇಕು, ಅಡುಗೆ ಯಾವುದು ಅಂತ ಆಮೇಲೆ ಗೊತ್ತು ಮಾಡಬೇಕು. ಈ ಬರಹ ಪೂರ್ತಿ ಆ ಕ್ರಮದಲ್ಲೇ ಇದೆ.

ಇಲ್ಲಿ ಕಪ್ ಅಂದರೆ 200 ಮಿಲಿ ಹಿಡಿಯುವ ಲೋಟ. ಅಳತೆ ಎಲ್ಲ ನಾಲ್ಕು ಜನಕ್ಕೆ.

ಕೀಳುವ ಹೊತ್ತು

ಸೊಪ್ಪು, ಎಲೆ, ಕಾಯಿ ಯಾವುದೇ ಇರಲಿ, ಬಿಸಿಲು ಏರುವ ಮೊದಲೇ ಕೀಳಿ. ರಾತ್ರಿಯಿಡೀ ಕುಡಿದ ನೀರು ಆಗ ಎಲೆಯಲ್ಲಿ ತುಂಬಿರುತ್ತದೆ. ಹನ್ನೊಂದು ಗಂಟೆಗೆ ಕಿತ್ತ ಹರಿವೆ ಅಡುಗೆಮನೆಗೆ ಬರುವಷ್ಟರಲ್ಲಿ ಜೋತು ಬಿದ್ದಿರುತ್ತದೆ.

ಬೆಂಡೆಕಾಯಿಯನ್ನು ಎರಡು ದಿನಕ್ಕೊಮ್ಮೆ ನೋಡಲೇಬೇಕು. ಬೆರಳುದ್ದ ಇದ್ದಾಗ ತುದಿಯನ್ನು ಹೆಬ್ಬೆರಳಿನಿಂದ ಬಗ್ಗಿಸಿದರೆ 'ಟಕ್' ಅಂತ ಮುರಿಯಬೇಕು. ಬಗ್ಗಿತು, ಮುರಿಯಲಿಲ್ಲ ಅಂದರೆ ನಾರು ಕಟ್ಟಿದೆ ಅಂತ ಅರ್ಥ. ಅಂಗಡಿಯಲ್ಲಿ ಹೀಗೆ ಮುರಿದು ನೋಡಿದರೆ ಬೈತಾರೆ. ನಮ್ಮ ಗಿಡದಲ್ಲಿ ಕೇಳುವವರಿಲ್ಲ. ಇನ್ನೊಂದು ವಿಷಯ: ಅಡುಗೆಗೆ ಬೇಡವಾದರೂ ಎಳೆಕಾಯಿ ಕೀಳಿ. ಕಾಯಿ ಗಿಡದಲ್ಲೇ ಬಲಿತರೆ ಗಿಡ ತನ್ನ ಶಕ್ತಿಯನ್ನೆಲ್ಲ ಆ ಬೀಜಕ್ಕೆ ಕೊಡುತ್ತದೆ, ಹೊಸ ಹೂವು ಕಡಿಮೆಯಾಗುತ್ತದೆ. ಕಿತ್ತ ಕಾಯಿಯನ್ನು ತೊಳೆಯದೆ ಒಣ ಹತ್ತಿ ಬಟ್ಟೆಯಲ್ಲಿ ಸುತ್ತಿಟ್ಟರೆ ಫ್ರಿಜ್ಜಿನಲ್ಲಿ ಮೂರು ದಿನ ಚೆನ್ನಾಗಿರುತ್ತದೆ. ಸೊಪ್ಪಿಗೆ ಈ ರಿಯಾಯಿತಿ ಇಲ್ಲ. ಅವತ್ತಿನದು ಅವತ್ತೇ.

ಹರಿವೆಯನ್ನು ಬೇರು ಸಮೇತ ಕೀಳಬೇಡಿ. ನೆಲದಿಂದ ನಾಲ್ಕು ಬೆರಳು ಬಿಟ್ಟು ಕತ್ತರಿಸಿ, ಪಕ್ಕದಲ್ಲಿ ಮತ್ತೆ ಚಿಗುರುತ್ತದೆ. ಬದನೆಯ ಸಿಪ್ಪೆ ಮಿರುಗುತ್ತಿರಬೇಕು. ಹೊಳಪು ಹೋದರೆ ಒಳಗೆ ಬೀಜ ಬಲಿತಿದೆ. ಹೀರೆಕಾಯಿಗೆ ಉಗುರು ಸುಲಭವಾಗಿ ಇಳಿಯಬೇಕು. ಟೊಮೆಟೊ ಪೂರ್ತಿ ಕೆಂಪಾಗುವವರೆಗೆ ಕಾಯ್ದರೆ ಹಕ್ಕಿಗಳೇ ಮೊದಲು ತಿನ್ನುತ್ತವೆ. ಬಣ್ಣ ತಿರುಗಿದ ಕೂಡಲೇ ಕಿತ್ತು ಬುಟ್ಟಿಯಲ್ಲಿಡಿ, ಎರಡು ಮೂರು ದಿನದಲ್ಲಿ ಹಣ್ಣಾಗುತ್ತದೆ. ಟೊಮೆಟೊವನ್ನು ಮಾತ್ರ ಫ್ರಿಜ್ಜಿಗೆ ಹಾಕಬೇಡಿ, ಅದರ ಪರಿಮಳ ಸತ್ತುಹೋಗುತ್ತದೆ.

ತೊಳೆಯೋದು, ಸೋಸೋದು

ಮನೆ ಸೊಪ್ಪಿಗೆ ಔಷಧಿ ಹೊಡೆದಿರುವುದಿಲ್ಲ. ಆದರೆ ಮಣ್ಣು ಇರುತ್ತದೆ, ಹುಳ ಇರುತ್ತದೆ, ಮಳೆಗಾಲದಲ್ಲಿ ಎಲೆ ಹಿಂದೆ ಬಸವನಹುಳದ ಮರಿಯೂ ಇರುತ್ತದೆ. ಹಾಗಾಗಿ ಮೊದಲು ಒಣ ಸೊಪ್ಪನ್ನೇ ಒಂದೊಂದು ಎಲೆ ತಿರುಗಿಸಿ ನೋಡಿ ಸೋಸಿಕೊಳ್ಳಿ. ಆಮೇಲೆ ಅಗಲವಾದ ಪಾತ್ರೆಯಲ್ಲಿ ನೀರು ತುಂಬಿ ಸೊಪ್ಪು ಮುಳುಗಿಸಿ ಎರಡು ನಿಮಿಷ ಬಿಡಿ. ಮಣ್ಣು ತಳಕ್ಕೆ ಇಳಿಯುತ್ತದೆ. ಈಗ ಸೊಪ್ಪನ್ನು ಕೈಯಿಂದ ಮೇಲೆತ್ತಿ ತೆಗೆಯಿರಿ. ಪಾತ್ರೆ ಬಗ್ಗಿಸಿ ನೀರು ಚೆಲ್ಲಿದರೆ ಕೆಳಗಿನ ಮಣ್ಣು ಮತ್ತೆ ಸೊಪ್ಪಿನ ಮೇಲೇ ಬರುತ್ತದೆ. ಹೀಗೆ ಮೂರು ನೀರು. ತೊಳೆದ ಮೇಲೆ ಹೆಚ್ಚಬೇಕು, ಹೆಚ್ಚಿ ತೊಳೆಯಬಾರದು.

ತೊಳೆದ ನೀರು ಮತ್ತೆ ಗಿಡಕ್ಕೆ.

ಹತ್ತು ಎಲೆ ಇದ್ದರೆ: ತಂಬುಳಿ

ಕೈತೋಟ ಶುರುಮಾಡಿದವರು ಮೊದಲು ಕಲಿಯಬೇಕಾದ ಅಡುಗೆ ಇದು ಅಂತ ನನ್ನ ಗಟ್ಟಿ ಅಭಿಪ್ರಾಯ. ಒಂದು ಕುಂಡ ದೊಡ್ಡಪತ್ರೆ ಸಾಕು, ವಾರಕ್ಕೆರಡು ದಿನ ಊಟದ ಒಂದು ಬಗೆ ಮುಗಿದ ಹಾಗೆ. ಕಡ್ಡಿ ಚುಚ್ಚಿದರೆ ಬರುವ ಗಿಡ, ಆರೈಕೆ ಏನೂ ಬೇಡ.

ಬೇಕಾದದ್ದು: ದೊಡ್ಡಪತ್ರೆ ಎಲೆ 8–10, ತುಪ್ಪ ಒಂದು ಚಮಚ, ಜೀರಿಗೆ ಅರ್ಧ ಚಮಚ, ಕಾಳುಮೆಣಸು 5–6, ತೆಂಗಿನತುರಿ ಕಾಲು ಕಪ್, ಹುಳಿ ಜಾಸ್ತಿ ಇಲ್ಲದ ಗಟ್ಟಿ ಮಜ್ಜಿಗೆ ಒಂದೂವರೆ ಕಪ್, ಉಪ್ಪು. ಒಗ್ಗರಣೆಗೆ ಸಾಸಿವೆ, ಒಂದು ಒಣಮೆಣಸಿನಕಾಯಿ.

1. ಬಾಣಲೆಯಲ್ಲಿ ತುಪ್ಪ ಬಿಸಿ ಮಾಡಿ ಜೀರಿಗೆ, ಕಾಳುಮೆಣಸು ಹಾಕಿ. ಜೀರಿಗೆ ಘಮ ಬಂದ ಮೇಲೆ ಎಲೆಗಳನ್ನು ಹರಿದು ಹಾಕಿ.

2. ಸಣ್ಣ ಉರಿಯಲ್ಲಿ ಬಾಡಿಸಿ. ಇಲ್ಲಿ ಅವಸರ ಮಾಡಬೇಡಿ. ದೊಡ್ಡಪತ್ರೆ ದಪ್ಪ ಎಲೆ, ಒಳಗೆಲ್ಲ ನೀರು. ಮೊದಲು ತೆಳು ಹಸಿರಿನ ಎಲೆ ಗಾಢವಾಗುತ್ತದೆ, ಆಮೇಲೆ ನೀರು ಬಿಡುತ್ತದೆ, ಆ ನೀರು ಆರಿ ಎಲೆ ಮುದುಡಿ ಅರ್ಧಕ್ಕರ್ಧ ಆಗುತ್ತದೆ. ಮೂಗಿಗೆ ಹೊಡೆಯುತ್ತಿದ್ದ ಓಮದಂಥ ಖಾರದ ವಾಸನೆ ಇಳಿದು ಹಿತವಾದ ಘಮ ಬರುವುದೂ ಆಗಲೇ. ಮೂರು ನಾಲ್ಕು ನಿಮಿಷ ಬೇಕು.

3. ಪೂರ್ತಿ ತಣಿಯಲು ಬಿಡಿ. ತೆಂಗಿನತುರಿ ಸೇರಿಸಿ, ಸ್ವಲ್ಪವೇ ನೀರು ಹಾಕಿ ನುಣ್ಣಗೆ ರುಬ್ಬಿ.

4. ಮಜ್ಜಿಗೆಗೆ ಈ ಮಿಶ್ರಣ, ಉಪ್ಪು ಹಾಕಿ ಕಲಸಿ. ತುಪ್ಪದಲ್ಲಿ ಸಾಸಿವೆ, ಒಣಮೆಣಸಿನಕಾಯಿ ಒಗ್ಗರಣೆ ಕೊಡಿ.

ತಂಬುಳಿಯನ್ನು ಒಲೆ ಮೇಲೆ ಇಡುವ ಹಾಗಿಲ್ಲ. ರುಬ್ಬಿದ್ದು ಬಿಸಿ ಇರುವಾಗಲೇ ಮಜ್ಜಿಗೆಗೆ ಹಾಕಿದರೂ ಒಡೆಯುತ್ತದೆ. ಬಿಸಿ ಅನ್ನಕ್ಕೆ ತಣ್ಣನೆಯ ತಂಬುಳಿ, ಅದೂ ಊಟದ ಶುರುವಿಗೆ. ಮಲೆನಾಡಿನಲ್ಲಿ ಬಡಿಸುವುದೇ ಹಾಗೆ.

ಇದೇ ಕ್ರಮದಲ್ಲಿ ಬೇರೆ ಎಲೆಯೂ ಆಗುತ್ತದೆ. ಸೀಬೆ ಚಿಗುರು, ದಾಳಿಂಬೆ ಚಿಗುರು, ಮೆಂತ್ಯ, ಪಾಲಕ್ ಇವನ್ನೆಲ್ಲ ಹುರಿಯಬೇಕು. ಚಿಗುರು ಒಗರು, ಹಾಗಾಗಿ ಆರೇಳು ಎಲೆ ಸಾಕು. ಒಂದೆಲಗ ಮಾತ್ರ ಬೇರೆ. ಕರಾವಳಿಯವರು ತಿಮರೆ ಅನ್ನುವ ಈ ಎಲೆಯನ್ನು ನಮ್ಮ ಮನೆಯಲ್ಲಿ ಹಸಿಯಾಗಿಯೇ ರುಬ್ಬುತ್ತೇವೆ, ಜೀರಿಗೆ ಮತ್ತು ಮೆಣಸನ್ನು ಮಾತ್ರ ಹುರಿಯುತ್ತೇವೆ. ಒಂದೆಲಗ ನೀರು ನಿಲ್ಲುವ ತಂಪು ಜಾಗದಲ್ಲಿ ಹಬ್ಬುವುದರಿಂದ ಬೇರು, ತೊಟ್ಟಿನಲ್ಲಿ ಕೆಸರು ಇರುತ್ತದೆ. ಹಸಿಯಾಗಿ ತಿನ್ನುವ ಎಲೆ ಅದು, ಐದು ನೀರಿನಲ್ಲಿ ತೊಳೆಯಿರಿ.

ಬೊಗಸೆ ಸೊಪ್ಪಿಗೆ: ಬಸ್ಸಾರು

ಒಂದು ಬೊಗಸೆ ಹರಿವೆಯಿಂದ ಪಲ್ಯ ಮಾಡಿದರೆ ಬೆಂದ ಮೇಲೆ ಎರಡು ಚಮಚ ಉಳಿಯುತ್ತದೆ. ಅದಕ್ಕೇ ಹಳೇ ಮೈಸೂರು ಕಡೆ, ಕೋಲಾರ, ಬೆಂಗಳೂರು ಗ್ರಾಮಾಂತರದಲ್ಲಿ ಬೆರಕೆ ಸೊಪ್ಪು ಅಂತ ಮಾಡುತ್ತಾರೆ. ಹೊಲದ ಬದುವಿನಲ್ಲಿ ಸಿಕ್ಕ ಅಣ್ಣೆ ಸೊಪ್ಪು, ಗಣಿಕೆ ಸೊಪ್ಪು, ಗೋಣಿ ಸೊಪ್ಪು ಎಲ್ಲ ಸೇರಿಸಿ ಒಂದೇ ಸಾರು. ಕೈತೋಟದಲ್ಲೂ ಅದನ್ನೇ ಮಾಡಬಹುದು: ಹರಿವೆ ಒಂದು ಬೊಗಸೆ, ಮೂಲಂಗಿಯ ಎಳೆ ಎಲೆ ನಾಲ್ಕು, ಕುಂಬಳದ ಬಳ್ಳಿಯ ಕುಡಿ, ನುಗ್ಗೆ ಸೊಪ್ಪು ಒಂದು ಹಿಡಿ, ಎರಡು ಎಲೆ ಪಾಲಕ್. ಹೆಚ್ಚಿದಾಗ ಎಲ್ಲ ಸೇರಿ ನಾಲ್ಕು ಕಪ್ ಆದರೆ ಸಾಕು. ತಾನಾಗಿ ಹುಟ್ಟಿದ ಸೊಪ್ಪನ್ನು ಬಲ್ಲವರು ಗುರುತಿಸಿ ಕೊಟ್ಟರೆ ಮಾತ್ರ ಹಾಕಿ. ಫೋಟೊ ನೋಡಿ ಅಂದಾಜಿನ ಮೇಲೆ ಬೇಡ. ಕೆಸುವಿನ ಎಲೆಯನ್ನಂತೂ ಈ ಸಾರಿಗೆ ಸೇರಿಸಲೇಬೇಡಿ. ಅದಕ್ಕೆ ಹುಣಸೆಹುಳಿ ಜಾಸ್ತಿ ಬೇಕು, ಚೆನ್ನಾಗಿ ಬೇಯಲೂ ಬೇಕು, ಇಲ್ಲದಿದ್ದರೆ ಗಂಟಲು ತುರಿಸುತ್ತದೆ.

ಬೇಕಾದದ್ದು: ತೊಗರಿಬೇಳೆ ಮುಕ್ಕಾಲು ಕಪ್, ಹೆಚ್ಚಿದ ಸೊಪ್ಪು ನಾಲ್ಕು ಕಪ್, ಈರುಳ್ಳಿ ಎರಡು, ಬೆಳ್ಳುಳ್ಳಿ ಒಂದು ಗೆಡ್ಡೆ, ಜೀರಿಗೆ ಒಂದು ಚಮಚ, ಕಾಳುಮೆಣಸು 6–7, ಸಾರಿನ ಪುಡಿ ಎರಡು ಚಮಚ, ತೆಂಗಿನತುರಿ ಅರ್ಧ ಕಪ್, ಸಣ್ಣ ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣು, ಒಣಮೆಣಸಿನಕಾಯಿ ಮೂರು, ಕರಿಬೇವು, ಸಾಸಿವೆ, ಎಣ್ಣೆ, ಉಪ್ಪು.

ಮೊದಲು ಆರು ಕಪ್ ನೀರು ಕುದಿಸಿ ಬೇಳೆ ಹಾಕಿ, ಎರಡು ತೊಟ್ಟು ಎಣ್ಣೆ ಬಿಡಿ. ಕುಕ್ಕರ್ ಬೇಡ. ಬೇಳೆ ಬೆರಳಲ್ಲಿ ಒತ್ತಿದರೆ ಮುರಿಯಬೇಕು, ಆದರೆ ಆಕಾರ ಕೆಡಬಾರದು. ಸುಮಾರು ಇಪ್ಪತ್ತು ನಿಮಿಷ. ಆ ಹದಕ್ಕೆ ಬಂದಾಗ ಸೊಪ್ಪು ಹಾಕಿ. ಗಟ್ಟಿ ದಂಟು, ನುಗ್ಗೆ ಮೊದಲು, ಮೆತ್ತನೆ ಎಲೆ ಮೂರು ನಿಮಿಷ ಬಿಟ್ಟು. ಸೊಪ್ಪು ಕುಗ್ಗಿದ ಮೇಲೆ ಉಪ್ಪು ಹಾಕಿ. ಕುಗ್ಗುವ ಮೊದಲೇ ಹಾಕಿದರೆ ರಾಶಿ ನೋಡಿ ಕೈ ಜಾಸ್ತಿಯಾಗುತ್ತದೆ.

'ಸೊಪ್ಪು ಮುಚ್ಚಿ ಬೇಯಿಸ್ಬ್ಯಾಡ ಕಣವ್ವ' ಅಂತ ಅವ್ವ ಪ್ರತಿ ಸಲ ಹೇಳುತ್ತಿದ್ದಳು. ಕಾರಣ ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಸೊಪ್ಪಿನಲ್ಲಿ ಹುಳಿಯ ಅಂಶ ಇರುತ್ತದೆ. ಬೇಯುವಾಗ ಅದರಲ್ಲಿ ಸ್ವಲ್ಪ ಆವಿಯ ಜೊತೆ ಹೊರಗೆ ಹೋಗುತ್ತದೆ. ತಟ್ಟೆ ಮುಚ್ಚಿದರೆ ಆ ಹುಳಿ ಮತ್ತೆ ನೀರಿಗೇ ಇಳಿದು, ಹಸಿರು ಬಣ್ಣವನ್ನು ಕೆಡಿಸಿ ಕಂದು ಮಾಡುತ್ತದೆ. ತೆರೆದ ಪಾತ್ರೆಯಲ್ಲಿ ಐದಾರು ನಿಮಿಷ ಬೆಂದರೆ ಸಾಕು.

ಈಗ ಬಸಿಯಿರಿ. ತೂತಿನ ಪಾತ್ರೆಯ ಕೆಳಗೆ ಇನ್ನೊಂದು ಪಾತ್ರೆ ಇಡಿ, ಬಸಿದ ಕಟ್ಟು ಒಂದು ಹನಿಯೂ ಚೆಲ್ಲಬಾರದು. ಸಾರು ಆಗುವುದೇ ಅದರಿಂದ.

ಎರಡು ಚಮಚ ಎಣ್ಣೆಯಲ್ಲಿ ಒಂದು ಈರುಳ್ಳಿ, ಏಳೆಂಟು ಎಸಳು ಬೆಳ್ಳುಳ್ಳಿ, ಜೀರಿಗೆ, ಮೆಣಸು ಹುರಿದುಕೊಳ್ಳಿ. ಇದಕ್ಕೆ ಸಾರಿನ ಪುಡಿ, ಕಾಲು ಕಪ್ ತೆಂಗಿನತುರಿ, ಹುಣಸೆಹಣ್ಣು, ಬಸಿದ ಬೇಳೆ-ಸೊಪ್ಪಿನಿಂದ ಎರಡು ದೊಡ್ಡ ಚಮಚ ಸೇರಿಸಿ ರುಬ್ಬಿ. ಆ ಎರಡು ಚಮಚ ಮರೆಯಬೇಡಿ, ಸಾರಿಗೆ ಮಂದ ಬರುವುದು ಅದರಿಂದಲೇ. ಕಟ್ಟಿಗೆ ಈ ಖಾರ ಬೆರೆಸಿ ಹತ್ತು ನಿಮಿಷ ಕುದಿಸಿ, ಸಾಸಿವೆ, ಕರಿಬೇವು, ಜಜ್ಜಿದ ಬೆಳ್ಳುಳ್ಳಿ ಒಗ್ಗರಣೆ ಹಾಕಿ.

ಉಳಿದ ಬೇಳೆ-ಸೊಪ್ಪಿಗೆ ಇನ್ನೊಂದು ಒಗ್ಗರಣೆ: ಸಾಸಿವೆ, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಇನ್ನೊಂದು ಈರುಳ್ಳಿ, ಕೊನೆಗೆ ಉಳಿದ ತೆಂಗಿನತುರಿ. ಪಲ್ಯ ಆಯಿತು. ಒಂದೇ ಪಾತ್ರೆಯ ಸೊಪ್ಪಿನಿಂದ ಸಾರೂ ಪಲ್ಯವೂ ಸಿಕ್ಕಿತು. ಮುದ್ದೆ ಇದ್ದರೆ ಇನ್ನೇನೂ ಬೇಡ. ಕೆಂಪು ಹರಿವೆ ಹಾಕಿದ್ದರೆ ಸಾರು ಕೆಂಪಾಗುತ್ತದೆ, ಗಾಬರಿ ಬೇಡ. ಮಕ್ಕಳಿಗೆ ಆ ಬಣ್ಣ ತುಂಬ ಇಷ್ಟ.

ಆರು ಬೆಂಡೆಗೆ: ಗೊಜ್ಜು

ನಾಲ್ಕು ಸಿಕ್ಕರೂ ಆಗುತ್ತದೆ. ಗೊಜ್ಜಿನಲ್ಲಿ ಕಾಯಿಗಿಂತ ರಸ ಮುಖ್ಯ.

ಕಾಯಿ ತೊಳೆದು ಬಟ್ಟೆಯಲ್ಲಿ ಒಂದೊಂದನ್ನೇ ಒರೆಸಿ. ಚಾಕು, ಹಲಗೆ, ಕೈ ಎಲ್ಲ ಒಣಗಿರಬೇಕು. ಲೋಳೆ ನೀರು ಕಂಡರೆ ಹಿಗ್ಗುತ್ತದೆ. ಅರ್ಧ ಇಂಚಿನ ಹೋಳು ಮಾಡಿ, ಅಗಲ ಬಾಣಲೆಯಲ್ಲಿ ಎರಡು ಚಮಚ ಎಣ್ಣೆ ಹಾಕಿ, ಮಧ್ಯಮ ಉರಿಯಲ್ಲಿ ಹುರಿಯಿರಿ. ಉಪ್ಪು ಈಗಲೇ ಬೇಡ, ಹಾಕಿದರೆ ನೀರು ಬಿಡುತ್ತದೆ. ಸೌಟಿನಿಂದ ಎತ್ತಿದಾಗ ಮೊದಮೊದಲು ಜೇಡರ ಬಲೆಯಂಥ ಎಳೆಗಳು ಬರುತ್ತವೆ. ಏಳೆಂಟು ನಿಮಿಷದಲ್ಲಿ ಆ ಎಳೆ ಮಾಯವಾಗಿ ಹೋಳಿನ ಅಂಚು ಕಂದಾಗುತ್ತದೆ. ತೆಗೆದಿಡಿ.

ಅದೇ ಬಾಣಲೆಯಲ್ಲಿ ಉದ್ದಿನಬೇಳೆ, ಕಡಲೆಬೇಳೆ ಒಂದೊಂದು ಚಮಚ, ಮೆಂತ್ಯ ಕಾಲು ಚಮಚ, ಬ್ಯಾಡಗಿ ಮೆಣಸಿನಕಾಯಿ ನಾಲ್ಕು, ಎಳ್ಳು ಒಂದು ಚಮಚ ಹುರಿಯಿರಿ. ಎಳ್ಳು ಕೊನೆಗೆ, ಬೇಗ ಸೀಯುತ್ತದೆ. ಎರಡು ದೊಡ್ಡ ಚಮಚ ಕೊಬ್ಬರಿ ತುರಿ ಸೇರಿಸಿ ರುಬ್ಬಿ. ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣನ್ನು ಒಂದೂವರೆ ಕಪ್ ನೀರಿನಲ್ಲಿ ಕಿವುಚಿ ರಸ ತೆಗೆದು, ಹಸಿ ವಾಸನೆ ಹೋಗುವವರೆಗೆ ಕುದಿಸಿ. ರುಬ್ಬಿದ ಖಾರ, ಉಪ್ಪು, ಒಂದು ದೊಡ್ಡ ಚಮಚ ಬೆಲ್ಲ ಹಾಕಿ. ಗಟ್ಟಿಯಾಗುತ್ತಾ ಬಂದಾಗ ಬೆಂಡೆ ಸೇರಿಸಿ ಎರಡೇ ನಿಮಿಷ ಕುದಿಸಿ. ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ. ಹುಣಸೆಯ ಹುಳಿಗೆ ಉಳಿದ ಲೋಳೆಯೂ ಸತ್ತುಹೋಗುತ್ತದೆ. ಬೆಂಡೆ ಮುಟ್ಟದ ಮಕ್ಕಳೂ ಇದನ್ನು ತಿನ್ನುವುದು ಅದಕ್ಕೇ.

ಇದೇ ಗೊಜ್ಜಿಗೆ ಬೆಂಡೆ ಬದಲು ಒಂದು ಹಾಗಲಕಾಯಿ, ಒಂದು ದಪ್ಪ ಮೆಣಸಿನಕಾಯಿ ಕೂಡ ಆಗುತ್ತದೆ.

ಒಂದು ಹೀರೆಕಾಯಿ, ಎರಡು ಅಡುಗೆ

ಮೊದಲು ತುದಿಯಿಂದ ಒಂದು ಚೂರು ಕತ್ತರಿಸಿ ನಾಲಿಗೆಗೆ ಮುಟ್ಟಿಸಿ. ಕಹಿ ಇದ್ದರೆ ಉಗುಳಿ, ಆ ಕಾಯಿಯನ್ನು ಅಲ್ಲೇ ಬಿಟ್ಟುಬಿಡಿ. ಹೀರೆ, ಸೋರೆ, ಸೌತೆ, ಕುಂಬಳ ನಾಲ್ಕಕ್ಕೂ ಈ ನಿಯಮ. ಈ ಜಾತಿಯ ಬಳ್ಳಿಗಳಲ್ಲಿ ಕುಕುರ್ಬಿಟಾಸಿನ್ ಅನ್ನುವ ಕಹಿ ಪದಾರ್ಥ ಇರುತ್ತದೆ. ಬಳ್ಳಿಗೆ ಬಿಸಿಲು ಜಾಸ್ತಿಯಾಗಿ ನೀರು ಕಡಿಮೆಯಾದರೆ ಅದು ಹೆಚ್ಚಬಹುದು. ಕಾಡುಜಾತಿಯ ಪರಾಗ ಸೇರಿದ ಬೀಜದಿಂದ ಬೆಳೆದ ಬಳ್ಳಿಯಲ್ಲೂ ಬರಬಹುದು. ಬೇಯಿಸಿದರೂ ಹೋಗುವುದಿಲ್ಲ. ತಿಂದರೆ ವಾಂತಿ, ಹೊಟ್ಟೆನೋವು, ಭೇದಿ. ಕಹಿ ಸೋರೆಕಾಯಿ ರಸವಂತೂ ಪ್ರಾಣಕ್ಕೇ ಅಪಾಯ. ಒಂದು ಏಪ್ರಿಲ್‌ನಲ್ಲಿ ನಾವು ವಾರ ಊರಿನಲ್ಲಿ ಇರಲಿಲ್ಲ, ಬಳ್ಳಿ ಬಾಡಿತ್ತು. ಬಂದ ದಿನ ರುಚಿ ನೋಡದೆ ಒಂದು ಹೀರೆ ಹಾಕಿ ತೊವ್ವೆ ಮಾಡಿದೆ. ಪಾತ್ರೆ ಪೂರ್ತಿ ಚೆಲ್ಲಬೇಕಾಯಿತು. ಅವತ್ತಿನಿಂದ ಒಂದು ಕಾಯಿಯನ್ನೂ ನೋಡದೆ ಹೆಚ್ಚಿಲ್ಲ. ಹಾಗಲದ ಕಹಿ ಬೇರೆ, ಅದಕ್ಕೆ ಹೆದರಬೇಕಿಲ್ಲ.

ಕಾಯಿ ಸಿಹಿ ಇದೆ ಅಂದ ಮೇಲೆ ಗೀರನ್ನೂ ಸಿಪ್ಪೆಯನ್ನೂ ಹೆರೆದುಕೊಳ್ಳಿ. ತಿರುಳಿನ ಹೋಳನ್ನು ಅರ್ಧ ಕಪ್ ಹೆಸರುಬೇಳೆಯ ಜೊತೆ ಬೇಯಿಸಿ, ಹಸಿಮೆಣಸಿನಕಾಯಿ, ಶುಂಠಿ, ಅರಿಶಿನ, ಉಪ್ಪು ಹಾಕಿ ತುಪ್ಪದಲ್ಲಿ ಜೀರಿಗೆ-ಇಂಗಿನ ಒಗ್ಗರಣೆ ಕೊಟ್ಟರೆ ತೊವ್ವೆ. ಕೊನೆಗೆ ನಿಂಬೆರಸ. ಎಳೆ ಹೀರೆ ನೀರು ತುಂಬ ಬಿಡುತ್ತದೆ, ಬೇಳೆಗೆ ನೀರು ಕಡಿಮೆಯೇ ಇರಲಿ.

ಸಿಪ್ಪೆಯನ್ನು ಸಣ್ಣಗೆ ಹೆಚ್ಚಿ ಎರಡು ಚಮಚ ಎಣ್ಣೆಯಲ್ಲಿ ಆರೇಳು ನಿಮಿಷ, ಒದ್ದೆ ಪೂರ್ತಿ ಆರಿ ಅಲ್ಲಲ್ಲಿ ಗರಿಯಾಗುವವರೆಗೆ ಹುರಿಯಿರಿ. ಅರೆಬರೆ ಹುರಿದರೆ ಚಟ್ನಿಗೆ ಹುಲ್ಲಿನ ವಾಸನೆ ಬರುತ್ತದೆ. ಇನ್ನೊಂದು ಚಮಚ ಎಣ್ಣೆಯಲ್ಲಿ ಉದ್ದಿನಬೇಳೆ ಎರಡು ಚಮಚ, ಒಣಮೆಣಸಿನಕಾಯಿ ನಾಲ್ಕು ಹುರಿದು, ಹುಣಸೆ, ಬೆಲ್ಲದ ಚೂರು, ಕಾಲು ಕಪ್ ತೆಂಗಿನತುರಿ, ಉಪ್ಪು ಸೇರಿಸಿ ತರಿತರಿಯಾಗಿ ರುಬ್ಬಿ. ಸಿಪ್ಪೆಯನ್ನು ಕೊನೆಯ ಸುತ್ತಿಗೆ ಹಾಕಿ. ಅಂಗಡಿ ಹೀರೆಯ ಸಿಪ್ಪೆ ಬಳಸಲು ನನಗೆ ಮನಸ್ಸು ಬರುವುದಿಲ್ಲ. ನಮ್ಮ ಬಳ್ಳಿಯದಾದರೆ ಏನು ಹೊಡೆದಿದ್ದೇವೆ, ಏನು ಹೊಡೆದಿಲ್ಲ ಅಂತ ನಮಗೇ ಗೊತ್ತಿರುತ್ತದೆ.

ಚೂರುಪಾರು ಎಲ್ಲ ಸೇರಿದರೆ: ಹುಳಿ

ಎರಡು ಬದನೆ, ಒಂದು ನುಗ್ಗೆಕಾಯಿ, ಐದು ಹುರುಳಿಕಾಯಿ, ಅರ್ಧ ಮೂಲಂಗಿ. ಯಾವುದೂ ತನ್ನಷ್ಟಕ್ಕೆ ಒಂದು ಅಡುಗೆಗೆ ಸಾಲದು. ಹುಳಿಗೆ ಮಾತ್ರ ಇಂಥ ಬೆರಕೆಯೇ ರುಚಿ. ಇಲ್ಲಿ ಗಮನ ಇಡಬೇಕಾದದ್ದು ಎರಡು ವಿಷಯಕ್ಕೆ.

ಒಂದು, ತರಕಾರಿ ಹಾಕುವ ಸರದಿ. ಮೂಲಂಗಿ, ನುಗ್ಗೆ, ಹುರುಳಿಕಾಯಿ ಮೊದಲು. ಅವು ಮುಕ್ಕಾಲು ಬೆಂದ ಮೇಲೆ ಬದನೆ, ಸೋರೆ, ಕುಂಬಳ. ಮನೆ ತರಕಾರಿ ಎಳೆಯದು, ಅಂಗಡಿಯದಕ್ಕಿಂತ ಬೇಗ ಬೇಯುತ್ತದೆ. ಅದರಲ್ಲೂ ಮಟ್ಟು ಗುಳ್ಳ ಬೆಳೆದಿದ್ದರೆ ಕಣ್ಣು ಬಿಟ್ಟು ನೋಡುತ್ತಿರಬೇಕು. ಉಡುಪಿ ಹತ್ತಿರದ ಮಟ್ಟು ಊರಿನ ಈ ದುಂಡು ಹಸಿರು ಬದನೆಗೆ 2011ರಲ್ಲಿ ಜಿಐ ಮಾನ್ಯತೆ, ಅಂದರೆ ಆ ಊರಿನದೇ ಬೆಳೆ ಅನ್ನುವ ಸರ್ಕಾರಿ ಗುರುತು, ಸಿಕ್ಕಿತು. ಬೀಜ ಕೊಟ್ಟವರು ಸೋದೆ ಮಠದ ಯತಿ ವಾದಿರಾಜರು ಅಂತ ಅಲ್ಲಿಯ ಜನ ನಂಬುತ್ತಾರೆ. ಸಿಪ್ಪೆ ತೆಳು, ಬೇಗ ಕರಗುತ್ತದೆ. ಯಾವ ಬದನೆಯಾದರೂ ಹೆಚ್ಚಿದ ಹೋಳನ್ನು ಉಪ್ಪು ನೀರಿನಲ್ಲಿ ಹಾಕಿಡಿ, ಕಪ್ಪಾಗುವುದಿಲ್ಲ. ಹುಳದ ತೂತು ಕಂಡರೆ ಇಡೀ ಕಾಯಿ ಎಸೆಯಬೇಡಿ. ಕೊರೆದ ಭಾಗ ಅಗಲವಾಗಿ ಕತ್ತರಿಸಿ ತೆಗೆದು ಉಳಿದದ್ದು ಬಳಸಿ.

ಎರಡು, ಹುಣಸೆರಸ ಹಾಕುವ ಹೊತ್ತು. ತರಕಾರಿ ಪೂರ್ತಿ ಬೆಂದ ಮೇಲೇ ಹಾಕಬೇಕು. ಹುಳಿ ಬಿದ್ದ ಮೇಲೆ ಹೋಳು ಮೆತ್ತಗಾಗುವುದು ತೀರಾ ನಿಧಾನ, ಎಷ್ಟು ಕುದಿಸಿದರೂ ಗಟ್ಟಿಯಾಗೇ ಉಳಿಯಬಹುದು.

ಮಸಾಲೆಗೆ: ಕೊತ್ತಂಬರಿ ಬೀಜ ಒಂದೂವರೆ ದೊಡ್ಡ ಚಮಚ, ಬ್ಯಾಡಗಿ ಮೆಣಸಿನಕಾಯಿ ಐದು, ಜೀರಿಗೆ ಅರ್ಧ ಚಮಚ, ಮೆಂತ್ಯ ಕಾಲು ಚಮಚ, ಚಿಟಿಕೆ ಇಂಗು. ಚಮಚ ತೆಂಗಿನೆಣ್ಣೆಯಲ್ಲಿ ಹುರಿದು ಅರ್ಧ ಕಪ್ ತೆಂಗಿನತುರಿ ಜೊತೆ ರುಬ್ಬಿ. ಅರ್ಧ ಕಪ್ ತೊಗರಿಬೇಳೆಯನ್ನು ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿಕೊಳ್ಳಿ. ಬೆಂದ ತರಕಾರಿಗೆ ಹುಣಸೆರಸ, ಉಪ್ಪು, ಬೆಲ್ಲ, ಐದು ನಿಮಿಷ ಬಿಟ್ಟು ಬೇಳೆ, ಕೊನೆಗೆ ಮಸಾಲೆ. ಮಸಾಲೆ ಹಾಕಿದ ಮೇಲೆ ಎರಡು ಕುದಿ ಬಂದರೆ ಸಾಕು. ಒಗ್ಗರಣೆಯ ಕರಿಬೇವನ್ನು ಗಿಡದಿಂದ ಕಿತ್ತು ತಂದು ನೇರ ಎಣ್ಣೆಗೆ ಹಾಕಿ. ಎಲೆಯಲ್ಲಿ ನೀರಿದ್ದರೆ ಸಿಡಿಯುತ್ತದೆ, ಒರೆಸಿಕೊಂಡು ಹಾಕಿ.

ಬಸಳೆ ಚಪ್ಪರ ಇರುವವರು ಇದೇ ಮಸಾಲೆಗೆ ಬಸಳೆ ಹಾಕಬಹುದು. ದಪ್ಪ ದಂಟನ್ನು ಎರಡು ಇಂಚಿನ ತುಂಡು ಮಾಡಿ ಮೊದಲು ಬೇಯಿಸಿ, ಎಲೆ ಕೊನೆಗೆ. ಬಸಳೆಯ ರುಚಿ ಇರುವುದೇ ದಂಟಿನಲ್ಲಿ. ಎಲೆ ಮಾತ್ರ ಬಿಡಿಸಿಕೊಂಡು ದಂಟು ಎಸೆಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಜಾಸ್ತಿ ಬಂದಾಗ

ವರ್ಷದಲ್ಲಿ ಒಂದೆರಡು ಸಲ ಇದರ ಉಲ್ಟಾ ಆಗುತ್ತದೆ. ಟೊಮೆಟೊ ಒಂದೇ ವಾರದಲ್ಲಿ ಮೂರು ಕೆಜಿ, ಮೆಣಸಿನಗಿಡ ಬಾಗುವಷ್ಟು ಕಾಯಿ.

ಟೊಮೆಟೊಗೆ ಸುಲಭ ದಾರಿ: ಒಂದು ಕೆಜಿ ಹಣ್ಣು ಹೆಚ್ಚಿ, ದಪ್ಪ ತಳದ ಬಾಣಲೆಯಲ್ಲಿ ಕಾಲು ಕಪ್ ಎಳ್ಳೆಣ್ಣೆ, ಸಾಸಿವೆ, ಬೆಳ್ಳುಳ್ಳಿ ಒಗ್ಗರಣೆ ಮಾಡಿ ಹಾಕಿ. ಉಪ್ಪು, ಅಚ್ಚಖಾರದ ಪುಡಿ, ಬೆಲ್ಲ, ಚಿಟಿಕೆ ಮೆಂತ್ಯಪುಡಿ ಸೇರಿಸಿ, ಸಣ್ಣ ಉರಿಯಲ್ಲಿ ಎಣ್ಣೆ ಅಂಚಿಗೆ ಬರುವವರೆಗೆ ಕೈಯಾಡಿಸಿ. ಮುಕ್ಕಾಲು ಗಂಟೆ ಹಿಡಿಯುತ್ತದೆ. ಒಣ ಗಾಜಿನ ಬಾಟಲಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಟ್ಟರೆ ಎರಡು ವಾರ ಚಪಾತಿ, ದೋಸೆಗೆ ಚಿಂತೆಯಿಲ್ಲ.

ಹಸಿಮೆಣಸಿನಕಾಯಿಗೆ ಬಾಳಕ. ತೊಟ್ಟು ಇರುವ ದಪ್ಪ, ಖಾರ ಕಡಿಮೆಯ ಕಾಯಿ ಆರಿಸಿ, ತೊಳೆದು ಒರೆಸಿ, ಪ್ರತಿಯೊಂದರ ಹೊಟ್ಟೆ ಸೀಳಿ. ತೊಟ್ಟು ಕೀಳಬೇಡಿ. ಹುಳಿ ಮಜ್ಜಿಗೆಗೆ ಧಾರಾಳವಾಗಿ ಉಪ್ಪು, ಸ್ವಲ್ಪ ಮೆಂತ್ಯಪುಡಿ, ಜೀರಿಗೆಪುಡಿ ಬೆರೆಸಿ ಕಾಯಿ ಮುಳುಗಿಸಿಡಿ. ರಾತ್ರಿ ಮಜ್ಜಿಗೆಯಲ್ಲಿ, ಹಗಲು ಮೊರದಲ್ಲಿ ಹರಡಿ ಬಿಸಿಲಿಗೆ. ಸಂಜೆ ಮತ್ತೆ ಅದೇ ಮಜ್ಜಿಗೆಗೆ. ಮೂರು ನಾಲ್ಕು ದಿನದಲ್ಲಿ ಮಜ್ಜಿಗೆ ಪೂರ್ತಿ ಹೀರಿಕೊಂಡು ಕಾಯಿ ಬೆಳ್ಳಗಾಗುತ್ತದೆ. ಆಮೇಲೆ ಬಿಸಿಲೊಂದೇ ಸಾಕು, ಮುರಿದರೆ ಸದ್ದು ಬರುವಷ್ಟು ಒಣಗಬೇಕು. ಬಿಸಿಲು ಚೆನ್ನಾಗಿರುವ ಫೆಬ್ರುವರಿ, ಮಾರ್ಚ್‌ನಲ್ಲೇ ಮಾಡಿ. ಮೋಡ ಕವಿದ ದಿನ ಮಜ್ಜಿಗೆಯಲ್ಲೇ ಉಳಿದ ಕಾಯಿಗೆ ಬೂಸ್ಟು ಹಿಡಿಯುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ತುಂಬಿಟ್ಟು, ಮಳೆಗಾಲದಲ್ಲಿ ಗಿಡದಲ್ಲಿ ಏನೂ ಸಿಗದ ದಿನ ನಾಲ್ಕು ತೆಗೆದು ಎಣ್ಣೆಯಲ್ಲಿ ಕರಿಯಿರಿ. ಕಂದು ಬಣ್ಣ ಬರುವಷ್ಟರಲ್ಲಿ ಎತ್ತಿ, ಮೊಸರನ್ನದ ಜೊತೆ ಕೊಡಿ.